ಓರೆ ಗೂಟ

ಹತ್ತೊಂಬತ್ತು ವರ್ಷ ಮೇಲಿನ ಕಂಬಿಗೆ ನೇತುಬಿದ್ದ ತೋಳು
ಹಾಸನ, ಗೊರೂರು, ಅರಕಲಗೂಡು ದಾರಿಯಲ್ಲಿ
ಒಂದು ಎಮ್ಮೆಯ ದೆಸೆಯಿಂದ ಕಿತ್ತುಬಂತು.
ಡ್ರೈವರ್ ಬೋರಲಿಂಗಣ್ಣ ಬ್ರೇಕು ಹಾಕಿದ.
ಬಸ್ಸು ನಿಂತಿತು, ನಾನು ನಿಲ್ಲಲಿಲ್ಲ,
ಕೈ ಮಾತ್ರ ಕಂಬಿ ಬಿಡಲಿಲ್ಲ.
ಒಳಗೆಲ್ಲೋ ಹಳೇ ಸೀರೆ ಹರಿದಂಥ ಸದ್ದು.
ಎಮ್ಮೆ ತಿರುಗಿ ನೋಡಿ, ಸೆಗಣಿ ಹಾಕಿ, ಹೋಯಿತು.

ಆಮೇಲೆ ನಾಲ್ಕು ತಿಂಗಳು
ಎಡಗೈಯಲ್ಲೇ ಮೆಷಿನ್ ಒತ್ತಿದೆ,
ಎಡಗೈಯಲ್ಲೇ ಹೆಂಗಸರಿಗೆ ಸೊನ್ನೆ ರೂಪಾಯಿ ಚೀಟಿ ಹರಿದುಕೊಟ್ಟೆ.
ತುರುಬು ಕಟ್ಟಲು ಮಗಳನ್ನು ಕೂಗಿದೆ.
ರಾತ್ರಿ ಬಲಮಗ್ಗುಲಿಗೆ ಹೊರಳಿದರೆ
ಹಲ್ಲುನೋವೇ ಹೆಗಲಿಗೆ ಇಳಿದು ಬಂದಂತೆ.

ಡಾಕ್ಟರ್ ಮೊಣ್ಣಪ್ಪ ಪ್ಲಾಸ್ಟಿಕ್ ಮೂಳೆ ತೋರಿಸಿ ಹೇಳಿದರು:
"ಸ್ನಾಯುವಿನ ಹಗ್ಗ ಮೂಳೆಯಿಂದ ಕಿತ್ತು ಹಿಂದಕ್ಕೆ ಸರಿದಿದೆ.
ತಾನಾಗಿ ವಾಪಸ್ ಬರಲ್ಲ, ಎಳೆದು ತಂದು ಕಟ್ಟಬೇಕು."
ಯಾತಕ್ಕೆ ಕಟ್ಟೋದು ಸಾರ್?
ಅಂಗೈಯಲ್ಲಿ ಒಂದನ್ನು ಇಟ್ಟರು:
ಭತ್ತದ ಕಾಳಿಗಿಂತ ತುಸು ದಪ್ಪ, ಮೈತುಂಬ ತಿರುಪು,
ಬಾಲಕ್ಕೆ ಎರಡು ದಾರ, ಒಂದು ನೀಲಿ, ಒಂದು ಹುಲಿಪಟ್ಟೆ.
"ಆ್ಯಂಕರ್ ಅಂತಾರೆ. ಲಂಗರು. ಹಡಗು ನಿಲ್ಲಿಸ್ತಾರಲ್ಲ, ಹಾಗೆ."
ನಾನು ಹಡಗು ಕಂಡವಳಲ್ಲ.
ಡ್ಯಾಮಿನ ಹಿನ್ನೀರಲ್ಲಿ ಒಂದು ತೆಪ್ಪ ಕಂಡಿದ್ದೆ,
ಅದನ್ನೂ ಹುಣಸೆಮರಕ್ಕೆ ಕಟ್ಟಿದ್ದರು.
"ಗೂಟ ಅನ್ನಿ ಸಾರ್" ಅಂದೆ.
ನಕ್ಕರು. "ಸರಿ, ಗೂಟ. ಓರೆಯಾಗಿ ಇಳಿಸ್ತೀವಿ,
ಎಳೆತಕ್ಕೆ ಬೆನ್ನು ಕೊಟ್ಟು.
ನೆಟ್ಟಗೆ ಹೊಡೆದರೆ ಎದ್ದು ಬರುತ್ತೆ."

ಅಪ್ಪ ಯಾವ ಕಾಲೇಜಿನ ಮೆಟ್ಟಿಲನ್ನೂ ಹತ್ತಿದವನಲ್ಲ.
ಕಟ್ಟಾಯದ ಹಿತ್ತಿಲಲ್ಲಿ ಕೊಡತಿ ಎತ್ತಿಕೊಂಡು
ಇದೇ ಮಾತನ್ನು ಬೈಗುಳದಲ್ಲಿ ಹೇಳಿದ್ದ:
"ನೆಟ್ಗೆ ಹೊಡೀಬ್ಯಾಡ ಕಣೇ ಮೂದೇವಿ,
ಹಸ ಎಳೆಯೋ ಕಡೀಕೆ ಬೆನ್ನು ಮಾಡ್ಸಿ ವಾರೆ ಹೊಡಿ!"

ಕತ್ತಿನ ಹತ್ತಿರ ಒಂದು ಸೂಜಿ.
ಯಾರೋ ಮರೆತು ಇಳಿದುಹೋದ ಲಗೇಜಿನಂತೆ
ತೋಳು ಪಕ್ಕದಲ್ಲಿ ಬಿದ್ದುಕೊಂಡಿತು.
ಮಿಕ್ಕದ್ದು ಆಮೇಲೆ ವಿಡಿಯೋದಲ್ಲಿ ನೋಡಿದ್ದು:
ಉಪ್ಪುನೀರು ತುಂಬಿದ ಗವಿ,
ಪಾಚಿಯಂತೆ ತೂಗುವ ಬಿಳೀ ಎಳೆ. ಅದು ನಾನು.
ದಬ್ಬಳದಂಥದ್ದು ಮೂಳೆಗೆ ತೂತು ಮಾಡಿತು.
ಗೂಟ ಇಳಿಯಿತು. ದಾರ ಜಗ್ಗಿ ನೋಡಿದರು.
ಒಂದು ನಿಂತಿತು.
ಎರಡನೆಯದು ಎದ್ದು ಬಂತು.
ವಿಡಿಯೋಗೆ ಸದ್ದಿಲ್ಲ,
ಆದರೂ ಯಾರೋ ಉಸ್ಸೆಂದದ್ದು ನನಗೆ ಕೇಳಿಸಿತು.
"ಐವತ್ತು ದಾಟಿತಲ್ಲಮ್ಮ, ಮೂಳೆ ಮೆತ್ತಗಿತ್ತು.
ತುಸು ಆಚೆ ಗಟ್ಟಿ ನೆಲ ನೋಡಿ ಇಳಿಸಿದೆವು."

ಹೋಗುವ ಮುಂಚೆ ಇನ್ನೊಂದು ಮಾತು:
ಎರಡು ಮೂರು ವರ್ಷಕ್ಕೆ ಗೂಟ ಕರಗಿಹೋಗುತ್ತದಂತೆ.
ಅಷ್ಟು ದುಡ್ಡಿನ ಗೂಟ!
ನನ್ನ ಮುಖ ನೋಡಿ ಸಿಸ್ಟರ್ ಫಿಲೋಮಿನಾ ಅಂದರು:
"ಅಷ್ಟರಲ್ಲಿ ಹಗ್ಗ ಮೂಳೆಗೇ ಬೇರು ಬಿಟ್ಟಿರುತ್ತೆ, ಹೆದರಬೇಡಿ."
ನಮ್ಮ ಕೆಂದಿ ನೆನಪಾದಳು.
ಗೆದ್ದಲು ತಿಂದು ಗೂಟ ಪುಡಿಯಾದ ಮೇಲೂ
ಹಗ್ಗ ನೆಲದ ಮೇಲೆ ಬಿಟ್ಟುಕೊಂಡು
ಅಲ್ಲೇ ನಿಂತು ಮೆಲುಕು ಹಾಕುತ್ತಿದ್ದಳು.

ಈಗ ಎಂಟು ವಾರ.
ಕಂಕುಳಿನ ದಿಂಬು ಬಿಚ್ಚಿ ಗೋಡೆಯ ಮುಂದೆ ನಿಲ್ಲುತ್ತೇನೆ.
ಬೆರಳು ಜೇಡದ ಹಾಗೆ ಹತ್ತಬೇಕು,
ತಡೆದಲ್ಲಿ ಪೆನ್ಸಿಲ್ ಗೆರೆ.
ಈ ಗೋಡೆಯಲ್ಲಿ ಮೊದಲೇ ಗೆರೆಗಳಿವೆ, ಮಗಳು ಬಿಂದು ಬೆಳೆದವು:
ಯುಕೆಜಿ, ಎರಡನೇ ಕ್ಲಾಸು, ಕಾಮಾಲೆ ಬಂದ ವರ್ಷ.
ಸೋಮವಾರ ನನ್ನ ಕೈ ಯುಕೆಜಿ ಮುಟ್ಟಿತು.

ಬಸ್ಸಿನ ಬಾಗಿಲಲ್ಲೂ ಇಂಥದೇ ಗೆರೆ,
ಅದರ ಕೆಳಗಿದ್ದವರಿಗೆ ಅರ್ಧ ಟಿಕೆಟ್.
ಎಷ್ಟು ತಂದೆತಾಯಿಯ ಜೊತೆ ಜಗಳ ಕಾದಿದ್ದೇನೆ,
"ನೆಟ್ಟಗೆ ನಿಲ್ಲೋ ಮಗಾ, ಮಂಡಿ ಬಗ್ಗಿಸಬೇಡ!"

ಇವತ್ತು ಹಲ್ಲು ಕಚ್ಚಿ ಇನ್ನೊಂದು ಹೆಬ್ಬೆರಳಗಲ.
ಪೆನ್ಸಿಲ್ ಹಿಡಿದು ನಿಂತ ಬಿಂದು
ಗೆರೆ ಎಳೆಯದೆ ಕೆಳಗೆ ನೋಡುತ್ತಾಳೆ:
"ಹಿಮ್ಮಡಿ ಎತ್ತಿದೀಯಾ ಅಮ್ಮ.
ಇಳಿಸು. ಇನ್ನೂ ಅರ್ಧ ಟಿಕೆಟ್ಟೇ."